ಬೀದಿ ನಲ್ಲಿಯ ಎರಡು ಸಾಲು

ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಯಜಮಾನರಿಗೆ ಕೊಚ್ಚಿಗೆ ವರ್ಗವಾಯಿತು. ಮೈಸೂರಿನಿಂದ ಬಂದ ನಾವು ಫೋರ್ಟ್ ಕೊಚ್ಚಿಯ ಒಂದು ಓಣಿಯಲ್ಲಿ ಬಾಡಿಗೆಗೆ ಇದ್ದೆವು. ಕಣ್ಣು ಹಾಯಿಸಿದತ್ತ ನೀರು, ಆದರೆ ಬಾವಿ ತೋಡಿದರೆ ಉಪ್ಪು. ಕುಡಿಯುವುದಕ್ಕೆ ಬೀದಿ ನಲ್ಲಿಯೇ ಗತಿ.

ಮೊದಮೊದಲು ಆ ನಲ್ಲಿಯ ಹತ್ತಿರ ಹರಟೆ ಹೊಡೆಯುವಷ್ಟು ಪುರಸೊತ್ತಿತ್ತು. ಪಕ್ಕದ ಮನೆಯ ಹೆಂಗಸನ್ನು ನಾನು ಚೇಚಿ ಎನ್ನುತ್ತಿದ್ದೆ, ಅಲ್ಲಿಯವರು ಅಕ್ಕನಿಗೆ ಹಾಗೆ ಅನ್ನುತ್ತಾರೆ. ನನ್ನ ಬಾಣಂತನ ಮಾಡಿದವರು ಅವರೇ. “ನೀನು ಏಳಬೇಡ, ಮೋಳೇ” ಎಂದು ಮಗಳಿಗೆ ಹೇಳಿದ ಹಾಗೆ ಹೇಳಿ, ನನ್ನ ನೀರನ್ನೂ ಹೊತ್ತು ತರುತ್ತಿದ್ದರು.

ಬರುಬರುತ್ತ ಓಣಿ ತುಂಬಿತು. ಗಂಡುಮಕ್ಕಳಿಗೆ ಮದುವೆಯಾದ ಹಾಗೆಲ್ಲ ಮನೆಯ ನಡುವೆ ಗೋಡೆಗಳು ಎದ್ದವು. ಓಣಿಯ ಕೊನೆಯ ಖಾಲಿ ಜಾಗದಲ್ಲಿ, ದಕ್ಷಿಣದಿಂದ ಮೀನುಗಾರಿಕೆಗೆ ಬಂದವರು ಶೆಡ್ ಹಾಕಿಕೊಂಡರು. ನಲ್ಲಿ ಮಾತ್ರ ಒಂದೇ. ಬೇಸಿಗೆಯಲ್ಲಿ ಅದರಿಂದ ದಾರದಂತೆ ನೀರು ಇಳಿಯುತ್ತಿತ್ತು. ಒಂದಿದ್ದ ಸಾಲು ಎರಡಾಯಿತು: ಹಳಬರದೊಂದು, ಬಂದವರದೊಂದು.

ಒಂದು ಬೆಳಿಗ್ಗೆ ಶೆಡ್ಡಿನ ಬಸುರಿಯೊಬ್ಬಳು ಚೇಚಿಯ ಕೊಡ ಸರಿಸಿ ತನ್ನದನ್ನಿಟ್ಟಳು.

“ನಿನ್ನೆಯೂ ಸಿಗಲಿಲ್ಲ ಚೇಚಿ, ಒಂದೇ ಕೊಡ.”

“ಎಲ್ಲಿಂದಲೋ ಬಂದು ಹೆತ್ತು ಹೆತ್ತು ತುಂಬಿಸ್ತೀರಿ. ನಮ್ಮ ಮಕ್ಕಳು ಬಾಯಾರಿ ಸಾಯಬೇಕಾ?” ಎನ್ನುತ್ತಲೇ ಚೇಚಿ ತುಂಬಿದ ಕೊಡವನ್ನೆತ್ತಿ ಅವಳ ತಲೆಗೆ ಬೀಸಿದರು.

ಅವಳು ನೀರಿನಲ್ಲೇ ಕುಸಿದಳು. ಕಿವಿಯ ಹಿಂದಿನಿಂದ ರಕ್ತ. ನಾನು ಚೇಚಿಯ ಮುಖ ನೋಡಿದೆ. ಇವರೇನಾ? ನನ್ನ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದವರು ಇವರೇನಾ?

ಮಧ್ಯಾಹ್ನದ ಹೊತ್ತಿಗೆ ಗಂಡಸರ ಕೈಯಲ್ಲಿ ದೋಣಿಯ ಹುಟ್ಟು, ಕಲ್ಲು, ಮೀನು ಕೊಯ್ಯುವ ಕತ್ತಿ. ನಾವು ಕದ ಹಾಕಿಕೊಂಡು ಕೂತೆವು. ಕಿಟಕಿಯ ಸಂದಿಯಲ್ಲಿ ಹೊಗೆ ಬಂತು. ಶೆಡ್‌ಗಳು ಉರಿಯುತ್ತಿದ್ದವು.

“ಒಂದ್ ಕೊಡ ನೀರಿಗೆ ಮನೆ ಸುಡ್ತಾರೇನೇ?” ಎಂದರು ಯಜಮಾನರು.

ಪೊಲೀಸರು ಬಂದರು. ಆ ಹೆಂಗಸು ಬದುಕಿದಳು, ಹೊಟ್ಟೆಯ ಕೂಸು ಉಳಿಯಲಿಲ್ಲ. ಶೆಡ್ಡಿನವರೆಲ್ಲ ಸುಟ್ಟ ಬಲೆಗಳನ್ನು ಲಾರಿಗೆ ತುಂಬಿಕೊಂಡು ಹೊರಟುಹೋದರು. ಠಾಣೆಗೆ ಕರೆದೊಯ್ದಿದ್ದ ಚೇಚಿ ಜಾಮೀನಿನ ಮೇಲೆ ಮರಳಿದರು.

ಮರಳಿದವರು ನೇರ ನಮ್ಮ ಬಾಗಿಲಿಗೇ ಬಂದರು. ಮೊದಲಿನಂತೆಯೇ ಮೆತ್ತಗೆ, “ನಲ್ಲಿಗೆ ಬರಬೇಡ, ಮೋಳೇ. ನೀವೂ ಹೊರಗಿನವರೇ ಅಂತ ಹುಡುಗರು ಮಾತಾಡ್ತಿದ್ದಾರೆ. ನಿನ್ನ ನೀರು ನಾನೇ ತರ್ತೀನಿ” ಎಂದರು.

ಅದು ಅಕ್ಕರೆಯೋ ಎಚ್ಚರಿಕೆಯೋ ತಿಳಿಯಲಿಲ್ಲ. ಅವರು ತಂದಿಟ್ಟ ನೀರನ್ನು ಕುಡಿಯಲಾರದೆ ಹಿತ್ತಲಿಗೆ ಚೆಲ್ಲಿದೆ. ಯಜಮಾನರು ವರ್ಗ ಕೇಳಿಕೊಂಡರು, ಮಳೆಗಾಲಕ್ಕೆ ಮುಂಚೆ ನಾವು ತಿರುವನಂತಪುರದ ಪಟ್ಟಂ ಬಡಾವಣೆಗೆ ಬಂದೆವು.