ಗೋಸುಂಬೆ ಏರಿದ ಬೋಳು ಕೈ

ಕೋಕಿಲಾ ಎಂಥ ಪುಕ್ಕಲಿ ಎಂದು ತಿಳಿಯಬೇಕಾದರೆ ಅವಳ ಜೊತೆ ಒಮ್ಮೆ ಕಾರಿನಲ್ಲಿ ಕೂತರೆ ಸಾಕು. ಅಮೆರಿಕದ ಫುಲ್‌ಶೀರ್ ಊರಿನಿಂದ ಪಕ್ಕದೂರು ಕೇಟಿಯ ಅಂಗಡಿಗೆ ಊರೆಲ್ಲ ಹೈವೇ ಹಿಡಿದು ಹೋದರೆ, ಇವಳು ಹೊಲಗಳ ನಡುವಿನ ಒಳದಾರಿಯಲ್ಲಿ ಸುತ್ತಿ ಬಳಸಿ ಹೋಗುವಳು. ಲಾರಿ ಕಂಡರೆ ಭಯ, ಸಿಡಿಲೆಂದರೆ ಭಯ, ಫೋನು ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಂಡರೆ ಭಯ, ಬಡಿದುಕೊಳ್ಳದಿದ್ದರೆ ಇನ್ನೂ ಭಯ. ಹುಬ್ಬಳ್ಳಿಯವಳು, ಒಂದು ಇನ್ಶೂರೆನ್ಸ್ ಕಂಪನಿಗೆ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಳು. ಎಲ್ಲಿ ಏನು ಕೆಡಬಹುದು ಎಂದು ದಿನವಿಡೀ ಯೋಚಿಸುವ ಕೆಲಸ ಅದು. ಅದಕ್ಕೆ ಅವಳಿಗಿಂತ ತಕ್ಕವರು ಇಡೀ ಟೆಕ್ಸಸ್‌ನಲ್ಲಿ ಸಿಗುತ್ತಿರಲಿಲ್ಲ.

ಇಂಥವಳ ಮನೆಗೆ 2016ರ ಕ್ರಿಸ್‌ಮಸ್ ರಜೆಯಲ್ಲಿ ಗೋಸುಂಬೆ ಬಂತು. ಬೇಕೆಂದು ಹಟ ಹಿಡಿದವಳು ಆರನೆಯ ಕ್ಲಾಸಿನ ಮಗಳು ವೈಷ್ಣವಿ. ತಂದುಕೊಟ್ಟವನು ಗಂಡ ವಿಜಯ್. ಅವನಿಗೆ ಸೋಮವಾರದಿಂದ ಶುಕ್ರವಾರದವರೆಗೆ ದೂರದ ಆಸ್ಟಿನ್ ನಗರದಲ್ಲಿ ಕೆಲಸ. ವಾರವೆಲ್ಲ ಮನೆಯಲ್ಲಿಲ್ಲದ ಅಪ್ಪ ಮಗಳ ಮಾತು ತೆಗೆದುಹಾಕುವುದುಂಟೆ? ಎದೆಯೆತ್ತರದ ಜಾಲರಿಯ ಪಂಜರ ಬಂತು, ದೀಪ ಬಂತು, ಬಳ್ಳಿಗಳು ಬಂದವು. ಬಿಸಿಲು ಬೀಳುವ ಕಿಟಕಿ ಇದ್ದದ್ದು ಕೋಕಿಲಾಳ ಮೇಜಿನ ಪಕ್ಕದಲ್ಲಿ ಮಾತ್ರ. ಪಂಜರ ಅಲ್ಲೇ ನಿಂತಿತು.

“ನಾ ಇನ್ನ ಹ್ಯಾಂಗ ಕೆಲಸಾ ಮಾಡ್ಲಿರಿ? ಅದು ನನ್ನ ನೋಡ್ಕೋತ ಕುಂತಿರತೈತಿ” ಎಂದಳು ಕೋಕಿಲಾ.

“ಒಂದ ಕಣ್ಣಿಲೆ ಅಷ್ಟ ನಿನ್ನ ನೋಡತೈತಿ. ಇನ್ನೊಂದ ಕಣ್ಣಿಲೆ ಕಿಟಕ್ಯಾಗ ನೋಡತೈತಿ. ಯಾಕ ಅಂಜತಿ?” ಎಂದು ವಿಜಯ್ ನಕ್ಕ.

ನಗು ಹೆಚ್ಚು ದಿನ ಉಳಿಯಲಿಲ್ಲ. ಮಗಳಿಗೆ ತೋರಿಸುವ ಉಮೇದಿನಲ್ಲಿ ಅವನು ಮೇಲಿನಿಂದ ಕೈ ಹಾಕಿ ಅದನ್ನು ಗಬಕ್ಕನೆ ಹಿಡಿದ. ಅದು ಬುಸ್ಸೆಂದು ಕಪ್ಪಾಗಿ, ಕೈಯಿಂದ ಕೊಸರಿ ಟೈಲ್ಸ್ ನೆಲಕ್ಕೆ ಬಿತ್ತು. ಉಗುರೊಂದು ಕಿತ್ತುಬಂತು. ಆಮೇಲೆ ಎಷ್ಟೋ ದಿನ ಒಂದು ಹುಳವನ್ನೂ ಮುಟ್ಟದೆ ಒಣಗಿಹೋಯಿತು. ಮೇಲಿನಿಂದ ಬರುವ ಕೈ ಅದಕ್ಕೆ ಹದ್ದಿನ ಹಾಗೆ, ಎಂದರು ಪ್ರಾಣಿಗಳ ಡಾಕ್ಟರು. ಹಿಡಿಯಲೇಬೇಡಿ, ಕೆಳಗಿನಿಂದ ಕೈ ಚಾಚಿ ಸುಮ್ಮನಿರಿ, ಮನಸ್ಸಾದರೆ ಅದೇ ಹತ್ತಲಿ. ಇನ್ನೊಮ್ಮೆ ಹೀಗೆ ಹಿಡಿದರೆ ಹೆದರಿಯೇ ಸತ್ತೀತು ಎಂದೂ ಹೇಳಿದರು. ಆ ಮಾತನ್ನು ಅಪ್ಪ ಮಗಳಿಗಿಂತ ಗಟ್ಟಿಯಾಗಿ ಮನಸ್ಸಿಗೆ ಹಚ್ಚಿಕೊಂಡವಳು ಕೋಕಿಲಾ. ಹೆದರಿ ಸಾಯುವುದು ಎಂದರೇನು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಪ್ಪ ಆಸ್ಟಿನ್‌ಗೆ, ಮಗಳು ಶಾಲೆಗೆ. ಗೋಸುಂಬೆ ಕೋಕಿಲಾಳ ಕೊರಳಿಗೆ ಬಿತ್ತು. ಹೂಕೋಸಿನಲ್ಲಿ ಒಂದು ಹುಳ ಕಂಡರೆ ಇಡೀ ಹೂಕೋಸನ್ನೇ ಎಸೆಯುತ್ತಿದ್ದ ಹೆಂಗಸು, ಚಿಮಟದ ತುದಿಯಲ್ಲಿ ಜೀವಂತ ಹುಳ ಹಿಡಿದು, ಮುಖ ಅತ್ತ ತಿರುಗಿಸಿ, “ಶಿವ ಶಿವಾ” ಎನ್ನುತ್ತ ನಿಲ್ಲುತ್ತಿದ್ದಳು. ಒಳಗೆ ಅದು ನಡುಗುತ್ತಿತ್ತು, ಹೊರಗೆ ಇವಳು. ಮಗಳು ಅದಕ್ಕೆ ಮ್ಯಾಂಗೋ ಎಂದು ಹೆಸರಿಟ್ಟಿದ್ದಳು. ಮಾವಿನ ಬಣ್ಣ ಮಾತ್ರ ಯಾರೂ ಕಂಡಿರಲಿಲ್ಲ. ಇವಳು ಹತ್ತಿರ ಬಂದರೆ ಕಮರಿದ ಬದನೆಕಾಯಿಯ ಬಣ್ಣವೇ. ಹಾಗೂ ಹೀಗೂ ಬೇಸಿಗೆ ಬರುವಷ್ಟರಲ್ಲಿ ಅದು ಚಿಮಟದಿಂದ ತಿನ್ನತೊಡಗಿತು. ಮೊದಲ ಸಲ ಅದರ ನಾಲಿಗೆ ಚಿಮ್ಮಿ ಹುಳ ಮಾಯವಾದಾಗ ಕೋಕಿಲಾ ಚೀರಿ ಚಿಮಟ ಬೀಳಿಸಿದಳು. ಆಮೇಲೆ ತಾನೇ ನಕ್ಕಳು. ಅಂದಿನಿಂದ ಅವಳಿಗೆ ಅದರ ಮೇಲೆ ಜೀವ.

ಆದರೆ ಚಿಮಟ ಬಿಟ್ಟು ಕೈ ಚಾಚಿದಳೋ, ಕೆಲಸ ಕೆಟ್ಟಿತು. ಗಂಟಲುಬ್ಬಿಸಿ, ಬಾಯಿ ತೆರೆದು, ಪಂಜರದ ತುದಿಗೆ ಓಡುತ್ತಿತ್ತು. ಕಾರಣ ಕಂಡುಹಿಡಿದವಳು ವೈಷ್ಣವಿ.

“ಅಮ್ಮಾ, ಇಟ್ಸ್ ಯುವರ್ ಬ್ಯಾಂಗಲ್ಸ್! ನೋಡು, ದೇ ಮೂವ್.”

ಕೈಗೆ ಎರಡು ಡಜನ್ ಹಸಿರು ಗಾಜಿನ ಬಳೆ. ಕೈ ಎತ್ತಿದರೆ ಜಾರುತ್ತವೆ, ಬಿಸಿಲಿಗೆ ಥಳಥಳಿಸುತ್ತವೆ. ಅದರ ಕಣ್ಣಿಗೆ ಅದೇನು ಹಾವೋ ಏನೋ.

“ತೆಗಿ ಅಮ್ಮಾ, ಜಸ್ಟ್ ಫೈವ್ ಮಿನಿಟ್ಸ್.”

“ಬಾಯಿ ಮುಚ್ಚು! ಅಂಥಾ ಮಾತ ಆಡಬಾರ್ದು” ಎಂದು ಕೋಕಿಲಾ ಗದರಿದಳು. 

ಮುತ್ತೈದೆಯ ಕೈ ಬೋಳಾಗಬಾರದು ಎಂಬುದು ಅವಳಿಗೆ ಬರಿಯ ಕೇಳಿದ ಮಾತಾಗಿರಲಿಲ್ಲ. ಚಿಕ್ಕಂದಿನಲ್ಲಿ ಹಬ್ಬದ ಹಿಂದಿನ ದಿನ ಅವಳ ಚಿಗವ್ವ ಹೋಳಿಗೆಯ ಕಣಕ ನಾದಲೆಂದು ಬಳೆ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದಳು. ಅಂದು ಸಂಜೆಯೇ ಚಿಗಪ್ಪ ಗದಗ ರಸ್ತೆಯಲ್ಲಿ ಲಾರಿಗೆ ಸಿಕ್ಕು ತೀರಿಹೋದ. ಚಿಗವ್ವನಿಗೆ ಯಾರೂ ಒಂದು ಮಾತೂ ಅನ್ನಲಿಲ್ಲ. ಆದರೆ ಆ ಬಳೆಗಳನ್ನು ಅಲ್ಲಿಂದ ಎತ್ತಲು ಯಾರೂ ಮುಂದೆ ಬರಲಿಲ್ಲ. ಎಷ್ಟೋ ದಿನ ಅಲ್ಲೇ ಇದ್ದವು. ಓದಿದವಳು ಕೋಕಿಲಾ, ಬಳೆಗೂ ಲಾರಿಗೂ ಸಂಬಂಧವಿಲ್ಲ ಎಂದು ಅವಳ ಬುದ್ಧಿ ಹೇಳುತ್ತಿತ್ತು. ಬುದ್ಧಿಯ ಮಾತು ಅವಳ ಕೈಯವರೆಗೆ ಇಳಿಯುತ್ತಿರಲಿಲ್ಲ. ಬಳೆ ಬದಲಿಸುವಾಗಲೂ ಹೊಸದನ್ನು ಏರಿಸಿಯೇ ಹಳೆಯದನ್ನು ಇಳಿಸುತ್ತಿದ್ದಳು. ಹೀಗಾಗಿ ಮ್ಯಾಂಗೋ ಚಿಮಟದ ಆಚೆಯೇ ಉಳಿಯಿತು.

2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂತು. ಶುಕ್ರವಾರ ಮನೆಗೆ ಹೊರಡಬೇಕಿದ್ದ ವಿಜಯ್ ಆಸ್ಟಿನ್‌ನಲ್ಲೇ ಸಿಕ್ಕಿಕೊಂಡ. ಮಳೆ ಶನಿವಾರ ಬಿಡಲಿಲ್ಲ, ಭಾನುವಾರ ಬಿಡಲಿಲ್ಲ. ಬ್ರಾಜೋಸ್ ನದಿ ಏರುತ್ತಿದೆ ಎಂದು ಫೋನು ಕಿರುಚಿದಾಗಲೆಲ್ಲ ಕೋಕಿಲಾ ಬಾಗಿಲಿಗೆ ಓಡಿ ನೀರು ಬಂತೇ ಎಂದು ನೋಡುತ್ತಿದ್ದಳು. ಸೋಮವಾರ ಬೆಳಿಗ್ಗೆ ವಿಜಯ್ ಫೋನ್ ಮಾಡಿದ.

“ನಾ ಹೊಂಟೀನಿ. ನಿಮ್ಮಿಬ್ಬರನ್ನ ಹಂಗ ಬಿಟ್ಟು ಇಲ್ಲಿ ಕುಂದ್ರಾಕ ಆಗೂದಿಲ್ಲ.”

“ಬ್ಯಾಡ್ರಿ! ರಸ್ತಾ ತುಂಬ ನೀರೈತಿ. ನಿಮ್ಮ ಕಾಲಿಗೆ ಬೀಳತೇನಿ, ಬರಬ್ಯಾಡ್ರಿ” ಎಂದಳು. ಅಷ್ಟರಲ್ಲಿ ಲೈನ್ ಕಟ್ಟಾಗಿತ್ತು. ಮತ್ತೆ ಹಚ್ಚಿದರೆ ಹತ್ತಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮನೆ ಖಾಲಿ ಮಾಡಿ ಎಂಬ ಆದೇಶ ಬಂತು. ಎರಡು ಮನೆ ಆಚೆಯ ಬೆಳಗಾವಿಯ ಅಪ್ಪಾಸಾಹೇಬ ಅಂಕಲ್ ಕಾರು ಸಾಗದ ನೀರಲ್ಲೂ ಸಾಗುವ ತಮ್ಮ ಎತ್ತರದ ಪಿಕಪ್ ಟ್ರಕ್ ತಂದು ಬಾಗಿಲಿಗೆ ನಿಲ್ಲಿಸಿದರು.

“ಲಗೂನ ಬಾ ತಂಗಿ! ಹಿಂದಿನ ಓಣ್ಯಾಗ ನೀರ ಹೊಕ್ಕೈತಿ. ಇನ್ನ ತಡಾ ಮಾಡಿದ್ರ ಗಾಡಿ ಹೋಗಂಗಿಲ್ಲ.”

ಮುಂದೆ ಅವರ ಸಂಸಾರ ಕೂತಿತ್ತು. ಇಬ್ಬರಿಗೆ ಹೇಗೋ ಜಾಗವಿತ್ತು, ಪಂಜರಕ್ಕೆ ಇರಲಿಲ್ಲ. ಹಿಂದೆ ತೆರೆದ ತೊಟ್ಟಿಯಲ್ಲಿ ಗಾಳಿಮಳೆ. ವೈಷ್ಣವಿ ಒಂದು ಬುಟ್ಟಿ ಹಿಡಿದು ಪಂಜರದ ಮುಂದೆ ಅಳುತ್ತ ಕೂತಿದ್ದಳು. “ಐ ಆಮ್ ನಾಟ್ ಲೀವಿಂಗ್ ಹಿಮ್.” ಕೊಂಬೆಯ ಮೇಲಿದ್ದರೆ ಕೊಂಬೆಯನ್ನೇ ಎತ್ತಬಹುದಿತ್ತು. ಆದರೆ ಮ್ಯಾಂಗೋ ಮೇಲಿನ ಜಾಲರಿಗೆ ನಾಲ್ಕೂ ಕಾಲು ಸಿಕ್ಕಿಸಿ, ಇದ್ದಿಲಿನಂತೆ ಕಪ್ಪಾಗಿ ಅಂಟಿಕೊಂಡಿತ್ತು. ಕಿತ್ತರೆ ಕಾಲು ಮುರಿಯುತ್ತದೆ, ಹಿಡಿದರೆ ಸಾಯುತ್ತದೆ, ಬಿಟ್ಟರೆ ಮುಳುಗುತ್ತದೆ. ಹೊರಗೆ ಹಾರ್ನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

ಕೋಕಿಲಾ ಕೈ ಚಾಚಿದಳು. ಬಳೆ ಜಾರಿತು. ಅದು ಬುಸ್ಸೆಂದಿತು.

ಅವಳು ಫೋನ್ ನೋಡಿದಳು. ವಿಜಯ್‌ನ ಸುದ್ದಿಯಿಲ್ಲ. ಎಲ್ಲ ಬಿಟ್ಟು ಇವತ್ತೇ, ಅವನು ನೀರು ತುಂಬಿದ ರಸ್ತೆಯಲ್ಲಿರುವ ಹೊತ್ತಿನಲ್ಲೇ! ಅವಳ ಕಣ್ಣ ಮುಂದೆ ಚಿಗವ್ವನ ಕಿಟಕಿ ಕಟ್ಟಿತು.  ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಈ ಸಲ ಬಳೆ ತೆಗಿ ಎಂದು ಅವಳು ಹೇಳಲಿಲ್ಲ.

ಕೋಕಿಲಾ ಬಲಗೈಗೆ ಸೋಪು ಹಚ್ಚಿದಳು. ಒಂದೊಂದೇ ಬಳೆ ಎಳೆದು ಮಗಳ ಮಡಿಲಿಗೆ ಹಾಕಿದಳು.  ಕೊನೆಯದು ಇಳಿದಾಗ ಮಣಿಕಟ್ಟು ಬೇರೆ ಯಾರದೋ ಎನಿಸಿತು. ಕೈ ಒರೆಸಿ ಕೆಳಗಿನಿಂದ ಮೆಲ್ಲಗೆ ಚಾಚಿ, “ಬಾ ನಮ್ಮಪ್ಪಾ, ನಾನೂ ಅಂಜೀನಿ, ಬಾ” ಎಂದಳು.

ಒಂದು ಕಣ್ಣು ಇವಳತ್ತ ತಿರುಗಿತು. ಆಮೇಲೆ ಇನ್ನೊಂದೂ ತಿರುಗಿತು. ಮುಂಗಾಲು ಗಾಳಿಯಲ್ಲಿ ತಡವರಿಸಿ, ಅವಳ ಬೆರಳು ಹಿಡಿಯಿತು. ತಣ್ಣನೆಯ ಗಟ್ಟಿ ಹಿಡಿತ. ಅವಳಿಗೆ ಕೊಡವಿ ಓಡಬೇಕೆನಿಸಿತು. ಉಸಿರು ಬಿಗಿಹಿಡಿದು ನಿಂತಳು. ಮ್ಯಾಂಗೋ ಒಂದೊಂದೇ ಹೆಜ್ಜೆ ಏರಿ, ಬಳೆಗಳಿದ್ದ ಜಾಗದಲ್ಲೇ ಬಾಲ ಸುತ್ತಿ ಕೂತಿತು.

ಬುಟ್ಟಿಗೆ ಇಳಿಯಲಿಲ್ಲ. ಬುಟ್ಟಿ ತಂದರೆ ಇನ್ನೂ ಬಿಗಿಯಾಗಿ ಹಿಡಿಯುತ್ತಿತ್ತು. ಟ್ರಕ್ಕಿನಲ್ಲಿ ವೈಷ್ಣವಿಯ ಮಡಿಲಲ್ಲಿ ಬಳೆಗಳು ಕಿಣಿಗುಡುತ್ತಿದ್ದವು. ಗಾಲಿಯ ಅರ್ಧದವರೆಗೆ ನೀರು. ಒಮ್ಮೆ ಕೈ ಕೊಡವಿದ್ದರೆ ಅದು ಬೀಳುತ್ತಿತ್ತು, ಬಳೆ ಏರಿಸಿಕೊಳ್ಳಬಹುದಿತ್ತು. ಕೋಕಿಲಾ ದಾರಿಯುದ್ದಕ್ಕೂ ಗಂಡನ ಹೆಸರು ಹೇಳುತ್ತ ಅತ್ತಳು, ಕೈಯನ್ನು ಮಾತ್ರ ಅಲುಗಿಸಲಿಲ್ಲ.

ಕೇಟಿಯ ಶಾಲೆಯೊಂದರ ಹಾಲ್‌ನಲ್ಲಿ ಎಲ್ಲರಿಗೂ ಹಾಸಿಗೆ ಹಾಕುತ್ತಿದ್ದಾಗ ಫೋನ್ ಬಡಿದುಕೊಂಡಿತು. ಎತ್ತುವ ಧೈರ್ಯ ಅವಳಿಗಾಗಲಿಲ್ಲ. ವೈಷ್ಣವಿ ಎತ್ತಿ ಅಮ್ಮನ ಕಿವಿಗೆ ಹಿಡಿದಳು.

“ಅರ್ಧಾ ದಾರಿಗೆ ರಸ್ತಾ ಮುಳಗಿತ್ತು. ತಿರುಗಿ ಬಂದು ಇಲ್ಲೊಂದ ಹೋಟೆಲ್‌ನ್ಯಾಗ ಅದೀನಿ. ಫೋನ್ ಹತ್ತವಲ್ದಾಗಿತ್ತು. ಕೋಕಿಲಾ? ನೀವಿಬ್ರೂ ಆರಾಮ ಅದೀರೇನು?”

“ಮೆಲ್ಲಗ ಮಾತಾಡ್ರಿ” ಎಂದಳು ಕೋಕಿಲಾ. ಅವಳ ಕಣ್ಣು ಮಣಿಕಟ್ಟಿನ ಮೇಲಿತ್ತು. ಅಲ್ಲಿ ಮ್ಯಾಂಗೋ ಕಣ್ಣು ಮುಚ್ಚಿ ನಿದ್ದೆಹೋಗಿತ್ತು, ಕಪ್ಪು ಇಳಿದು ತಿಳಿ ಹಸಿರಾಗಿ.

ಮನೆಗೆ ಹೊಸ್ತಿಲವರೆಗೆ ನೀರು ಬಂದು ಇಳಿದಿತ್ತು, ಅಷ್ಟೇ. ಅದಾದ ಮೇಲೆ ಕೋಕಿಲಾ ಧೈರ್ಯವಂತೆಯಾದಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈಗಲೂ ಅವಳು ಹೈವೇ ಹತ್ತುವುದಿಲ್ಲ. ಆದರೆ ದಿನಾ ಸಂಜೆ ಮ್ಯಾಂಗೋ ಪಂಜರದ ಬಾಗಿಲಿಗೆ ಬಂದು ಕಾಯುತ್ತದೆ, ಅವಳು ಆಸ್ಟಿನ್‌ಗೆ ಫೋನ್ ಹಚ್ಚುತ್ತಾಳೆ.

“ಎಲ್ಲಿ ಅದೀರಿ?”

“ಮೀಟಿಂಗ್‌ನ್ಯಾಗ.”

“ಕುಂತೀರೇನು?”

“ಕುಂತೀನವ್ವಾ.”

“ನಾ ಮತ್ತ ಫೋನ್ ಮಾಡೂತನಕ ಏಳಬ್ಯಾಡ್ರಿ” ಎಂದು ಹೇಳಿ, ಫೋನ್ ಇಟ್ಟು, ಬಲಗೈ ಬಳೆ ಇಳಿಸುತ್ತಾಳೆ.