ಇಸ್ತ್ರಿ ಅಂಗಡಿಯ ಕದನವಿರಾಮ

ನಮ್ಮ ಬೀದಿಯ ಇಸ್ತ್ರಿಯವನನ್ನು ಎಲ್ಲರೂ ರಾಯಭಾರಿ ಎಂದೇ ಕರೆಯುತ್ತಿದ್ದರು. ಯಾವ ದೇಶವೂ ಅವನನ್ನು ನೇಮಿಸಿರಲಿಲ್ಲ. ಆದರೆ ಯಾವ ದೇಶದ ಉಸಾಬರಿಯನ್ನೂ ಅವನು ಬಿಟ್ಟವನಲ್ಲ. ಎರಡು ಮೆಟ್ಟಿಲು ಇಳಿದು ಹೋಗಬೇಕಾದ ಆ ಕಿರಿದಾದ ಕೋಣೆಯಲ್ಲಿ, ಬಲಗೈಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು, ಎಡಗೈಯಲ್ಲಿ ಕಾಲರ್ ಎಳೆದು ಹಿಡಿದು ಅವನು ಬಗೆಹರಿಸಿದ ಗಡಿ ತಂಟೆಗಳು ಒಂದೆರಡಲ್ಲ. ಪ್ಯಾಂಟಿನ ಗೆರೆ ಕೂರುವಷ್ಟರಲ್ಲಿ ಒಂದು ಸರ್ಕಾರ ಉರುಳುತ್ತಿತ್ತು. ತೋಳಿನ ಸುಕ್ಕು ಬಿಡುವಷ್ಟರಲ್ಲಿ ಇನ್ನೊಂದು ಪ್ರಮಾಣವಚನ ಸ್ವೀಕರಿಸುತ್ತಿತ್ತು.

ಒಂದೇ ತೊಡಕೆಂದರೆ, ಅವನ ಲೋಕ ನಮ್ಮ ಲೋಕಕ್ಕಿಂತ ಎರಡು ಮೂರು ತಿಂಗಳು ಹಿಂದಿತ್ತು. ಬಟ್ಟೆ ಸುತ್ತಿಕೊಡಲು ರದ್ದಿ ಅಂಗಡಿಯಿಂದ ತರುತ್ತಿದ್ದ ಹಳೆಯ ಪತ್ರಿಕೆಗಳನ್ನು ಬಿಟ್ಟರೆ ಅವನು ಬೇರೇನೂ ಓದುತ್ತಿರಲಿಲ್ಲ. ಓದದ ಹಾಳೆಯಲ್ಲಿ ಬಟ್ಟೆ ಸುತ್ತುವುದು ಆ ಅಂಗಡಿಯಲ್ಲಿ ರಾಜದ್ರೋಹಕ್ಕೆ ಸಮ. ಟೀವಿ, ಫೋನುಗಳ ತಾಜಾ ಸುದ್ದಿಗೆ ಪ್ರವೇಶವಿಲ್ಲ.

"ಬಿಸಿ ಬಟ್ಟೆ ಮಡಚಿದ್ರೆ ಸುಕ್ಕು ಬೀಳುತ್ತೆ ಸಾರ್. ಆರಬೇಕು. ಸುದ್ದೀನೂ ಅಷ್ಟೇ," ಎನ್ನುತ್ತಿದ್ದ. ಯಾರಾದರೂ ಗಿರಾಕಿ "ಇವತ್ತು ಬೆಳಿಗ್ಗೆ..." ಎಂದು ಬಾಯಿ ತೆರೆದರೆ ಸಾಕು, ಕಾದ ಪೆಟ್ಟಿಗೆಯನ್ನೇ ಎತ್ತಿ ತೋರಿಸುತ್ತಿದ್ದ.

ಸಿನಿಮಾ ವಿಮರ್ಶೆ ಅವನ ಕೈಸೇರುವ ಹೊತ್ತಿಗೆ ಚಿತ್ರ ಥಿಯೇಟರಿನಿಂದ ಎತ್ತಂಗಡಿಯಾಗಿರುತ್ತಿತ್ತು. ಅದರಿಂದ ಅವನಿಗೇನೂ ನಷ್ಟವಿಲ್ಲ. ಅರ್ಧ ಕಥೆ ಹೇಳಿ, ಮುಂದಿನದನ್ನು ತೆರೆಯ ಮೇಲೆ ನೋಡಿ ಎಂದು ವಿಮರ್ಶಕ ಕೈತೊಳೆದುಕೊಂಡಲ್ಲಿಂದ ರಾಯಭಾರಿ ಸುರುಮಾಡುತ್ತಿದ್ದ. ಅವನು ಮುಗಿಸಿದ ಕಥೆಗಳಲ್ಲಿ ಖಳನಾಯಕನೂ ಸೇರಿ ಯಾರೊಬ್ಬರೂ ಸಾಯುತ್ತಿರಲಿಲ್ಲ. ದಪ್ಪ ದಪ್ಪ ಕಾದಂಬರಿಗಳನ್ನು ಅರ್ಧ ಕಾಲಂ ಪರಿಚಯದಲ್ಲೇ ಓದಿ ಮುಗಿಸಿ, ಉಳಿದದ್ದೆಲ್ಲ ಗಂಜಿ ಹಾಕಿ ಉಬ್ಬಿಸಿದ್ದು ಎಂದು ತೀರ್ಪು ಕೊಡುತ್ತಿದ್ದ. ಮನಸ್ಸಿಗೆ ಹಿಡಿಸಿದ ಪದ ಸಿಕ್ಕರೆ ಕತ್ತರಿಸಿ, ಅದೇ ಗಂಜಿ ಸವರಿ ಗೋಡೆಗೆ ಅಂಟಿಸುತ್ತಿದ್ದ. ಹಾಗೆ ಅಲ್ಲಿ 'ನಿರ್ಬಂಧ'ದ ಪಕ್ಕದಲ್ಲಿ 'ವಕ್ತಾರ' ಇದ್ದ. ಏನೂ ಹೇಳದಿರುವುದಕ್ಕೆಂದೇ ಮೈಕ್ ಹಿಡಿದವನು ವಕ್ತಾರ ಎಂಬುದು ರಾಯಭಾರಿಯ ವ್ಯಾಖ್ಯಾನ.

ಈ ಮಹಾಪಂಡಿತನಿಗೆ ಅಕ್ಷರ ಕಲಿಸಿದವನು ಅವನ ಭಾವ. ತಾಯಿತಂದೆ ಇಲ್ಲದ ತಮ್ಮನನ್ನು ಅಕ್ಕ ಮದುವೆಯಾದ ದಿನವೇ ತನ್ನ ಜೊತೆಗೆ ಕರೆತಂದಿದ್ದಳು. ಭಾವ ಮುಖ ಸಿಂಡರಿಸಲಿಲ್ಲ. ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಿನಿಮಾ ಪೋಸ್ಟರುಗಳ ಮುಂದೆ ನಿಂತು ಒಂದೊಂದೇ ಅಕ್ಷರ ಓದಿಸಿದ. ಅವನು ಸರಕು ಹಡಗಿನಲ್ಲಿ ಅಡುಗೆಯವನು. ಕಡಲಿಗಿಳಿದರೆ ತಿಂಗಳುಗಟ್ಟಲೆ ಸದ್ದಿಲ್ಲ. ರಜೆಯಲ್ಲಿ ಬಂದಾಗ ಅಂಗಡಿಯ ಸ್ಟೂಲಿನ ಮೇಲೆ ಕೂತು, ಭಾವಮೈದನ ಜಾಗತಿಕ ಸಿದ್ಧಾಂತಗಳನ್ನು ಒಂದೇ ಮಾತಿಗೆ ಕೆಡವುತ್ತಿದ್ದ: "ಆ ದೇಶ ನಾನು ನೋಡಿದೀನಿ ಕಣೋ. ಅಲ್ಲೂ ಕಾಲರೇ ಮೊದಲು ಕೊಳೆಯಾಗೋದು."

ಆ ಸಲ ಭಾವನ ಹಡಗು ನಿಂತಿದ್ದ ಬಂದರಿನ ದೇಶದಲ್ಲೇ ಯುದ್ಧ ಸುರುವಾಯಿತು. ರಾಯಭಾರಿ ತನ್ನ ಹಳೆಯ ಹಾಳೆಗಳಲ್ಲಿ ಅದನ್ನು ಬೆನ್ನಟ್ಟಿದ. ತೋಳು ಸುಟ್ಟ ಅಂಗಿಗಳು ಬೀದಿಯಲ್ಲಿ ಕಾಣಿಸಿಕೊಂಡವು. ಕೊನೆಗೊಂದು ದಿನ ಗೋಡೆಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ 'ಕದನವಿರಾಮ' ಏರಿತು. ಬಂದವರಿಗೆಲ್ಲ ಚಹಾ ಕುಡಿಸಿದ. ಭಾವನ ಬಿಳಿ ಅಡುಗೆ ಕೋಟನ್ನು ಟ್ರಂಕಿನಿಂದ ತೆಗೆದು ಒಗೆಯಲು ಹಾಕಿದ.

ಕದನವಿರಾಮ ವಾರದೊಳಗೇ ಮುರಿದುಬಿದ್ದದ್ದು ನಮಗೆಲ್ಲ ಗೊತ್ತಿತ್ತು. ಇನ್ನು ನಾಲ್ಕು ದಿನ, ಅವನೂ ಓದುತ್ತಾನೆ ಎಂದುಕೊಂಡು ಸುಮ್ಮನಿದ್ದೆವು. ದಿನಗಳು ಹೋದವು, ಅವನು ಓದಲಿಲ್ಲ. ಇಡೀ ಭೂಮಂಡಲದಲ್ಲಿ ಆ ಕದನವಿರಾಮ ಮುರಿಯದೆ ಉಳಿದದ್ದು ಆ ಎರಡು ಮೆಟ್ಟಿಲಿನ ಕೆಳಗೆ ಮಾತ್ರ.

ಕಾರಣ ಸಿಕ್ಕಿದ್ದು ನನ್ನ ಮನೆಯಲ್ಲೇ. ಇಸ್ತ್ರಿ ಬಟ್ಟೆಯ ಪೊಟ್ಟಣ ಬಿಡಿಸಿದರೆ, ಸುತ್ತಿದ ಹಾಳೆಗಳೆಲ್ಲ ಕದನವಿರಾಮ ಮುರಿದ ಮೇಲಿನ, ಅದೇ ಬಂದರಿನ ಸುದ್ದಿಯವು. ಒಂದು ಹಾಳೆಯ ಮೂಲೆಯಲ್ಲಿ ಸಣ್ಣ ಸುದ್ದಿ: ಸರಕು ಹಡಗೊಂದರ ಅಡುಗೆಮನೆಗೆ ಶೆಲ್ ಬಿದ್ದಿತ್ತು. ಅಲ್ಲಿದ್ದವರು ಯಾರೂ ಉಳಿದಿರಲಿಲ್ಲ. ಹಡಗಿನ ಹೆಸರನ್ನು ನಾನು ಮೊದಲೇ ಓದಿದ್ದೆ. ಅಂಗಡಿಯ ಗೋಡೆಯಲ್ಲಿ ಭಾವ ಕೈಕಟ್ಟಿ ನಿಂತ ಫೋಟೋದಲ್ಲಿ, ಅವನ ಬೆನ್ನ ಹಿಂದೆ ಇದ್ದ ಹೆಸರೇ ಅದು.

ರಾಯಭಾರಿ ಚಹಾಕ್ಕೆ ಹೋದ ಹೊತ್ತು ನೋಡಿ ಹಾಳೆ ಹಿಡಿದು ಅಂಗಡಿಗಿಳಿದೆ. ಹಿಂದಿನ ಬೆಂಚಿನಲ್ಲಿ ಅಕ್ಕ ಎಂದಿನಂತೆ ಬಟ್ಟೆ ಸುತ್ತಿ ದಾರ ಕಟ್ಟುತ್ತಿದ್ದಳು. ಹಾಳೆ ನೋಡಿದಳು, ಮುಟ್ಟಲಿಲ್ಲ.

"ಇದನ್ನ ಮತ್ತೆ ಇಲ್ಲಿಗ್ಯಾಕೆ ತಂದ್ರಿ? ಅವನಿನ್ನೂ ಓದಿಲ್ಲ."

ಕಂಪನಿಯವರು ಆಗಲೇ ಅವಳಿಗೆ ಫೋನ್ ಮಾಡಿದ್ದರಂತೆ. ಅಂದರೆ ತಮ್ಮ ಚಹಾ ಹಂಚುವುದಕ್ಕಿಂತ ಎಷ್ಟೋ ಮೊದಲೇ ಅವಳಿಗೆ ಗೊತ್ತಿತ್ತು. ಆ ಚಹಾವನ್ನು ಅವಳೂ ಕುಡಿದಿದ್ದಳು. ಈ ಹಾಳೆಗಳನ್ನು ಒಲೆಗೆ ಹಾಕಬಾರದೇ ಎಂದು ಕೇಳಿದೆ. ಕಾಗದ ಸುಟ್ಟರೆ ವಾಸನೆಗೇ ಓಡಿಬರುತ್ತಾನೆ, ಕಸದ ಬುಟ್ಟಿಯನ್ನೂ ಕೆದಕಿ ಓದುವ ಆಸಾಮಿ ಅವನು ಎಂದಳು. ಓದಿದ್ದನ್ನು, ಓದದ್ದನ್ನು ಕಣ್ಣಲ್ಲೇ ಲೆಕ್ಕವಿಡುತ್ತಾನೆ. ಅವನ ಕಣ್ಣು ಕಾಲರಿನ ಮೇಲಿದ್ದಾಗ ಒಂದೊಂದೇ ಹಾಳೆ ಎಳೆದು ಬಟ್ಟೆಗೆ ಸುತ್ತಿಬಿಟ್ಟರೆ ಅದು ತಾನಾಗಿ ಬೀದಿ ದಾಟಿ ಹೋಗುತ್ತದೆ. ಬೇರೆ ದಾರಿಯಿಲ್ಲ.

"ಹೀಗೆ ಎಷ್ಟು ದಿನ ಅಕ್ಕಾ?"

"ಬಟ್ಟೆ ಬರೋ ತನಕ."

ಬಟ್ಟೆ ಎಲ್ಲಿತ್ತು? ಸುಕ್ಕಾಗದ ಅಂಗಿಗಳ ಕಾಲ. ಅವತ್ತು ಬೆಂಚಿನ ಮೇಲಿದ್ದದ್ದು ಮೂರೋ ನಾಲ್ಕೋ. ಹಾಳೆಗಳ ರಾಶಿ ಮಾತ್ರ ಮೊಣಕಾಲೆತ್ತರ, ಪ್ರತಿ ವಾರ ಹೊಸ ಕಟ್ಟು ಬರುವುದು ಬೇರೆ. ಬೀದಿಯಲ್ಲಿ ನಾನು ಬಾಯಿಬಿಟ್ಟೆ. ಮರುದಿನದಿಂದ ನಮ್ಮ ದಂಡಯಾತ್ರೆ. ನಾನು ಕರವಸ್ತ್ರಗಳನ್ನೂ ಕಿಟಕಿ ಪರದೆಗಳನ್ನೂ ಹೊತ್ತೆ. ಚಹಾದಂಗಡಿಯವನು ಮೇಜು ಒರೆಸುವ ಬಟ್ಟೆ ತಂದ. ನಿವೃತ್ತ ಗುಮಾಸ್ತರು ಕಾಲುಚೀಲಗಳಿಗೆ ಗೆರೆ ಕೂರಿಸಿಕೊಂಡರು. ಎಷ್ಟು ಹೊತ್ತರೂ ರಾಶಿ ಮೊಣಕಾಲಿನಿಂದ ಕೆಳಗಿಳಿಯಲಿಲ್ಲ.

ರಾಯಭಾರಿಯ ಮುಖ ಮಾತ್ರ ಅರಳಿತ್ತು. "ನೋಡಿ ಸಾರ್, ಶಾಂತಿ ಅಂದ್ರೆ ಇದು. ಗುಂಡು ನಿಂತ್ರೆ ಜನಕ್ಕೆ ಕಾಲುಚೀಲದ ಕಡೆ ಗಮನ ಹೋಗುತ್ತೆ." ಈ ಸಿದ್ಧಾಂತವನ್ನು ಭಾವನ ಮುಂದಿಟ್ಟು ಗೆಲ್ಲುವುದು ಖಂಡಿತ ಎಂದ.

ಹಾಗನ್ನುತ್ತಲೇ ಬಿಳಿ ಕೋಟಿನ ಕೊನೆಯ ಗುಂಡಿಯ ಸುತ್ತ ಪೆಟ್ಟಿಗೆಯ ಮೂಗು ಆಡಿಸಿ, ಮಡಚಿ, ಅಕ್ಕನ ಕಡೆ ಚಾಚಿದ. "ಅಕ್ಕಾ, ಇದಕ್ಕೊಂದು ಒಳ್ಳೆ ಹಾಳೆ ಹುಡುಕು. ಧೂಳು ಕೂರಬಾರದು."

ಅಕ್ಕ ರಾಶಿಗೆ ಕೈಯಿಟ್ಟಳು. ಒಂದು ಹಾಳೆ ತೆಗೆದು ನೋಡಿ ಮಗುಚಿಟ್ಟಳು, ಇನ್ನೊಂದು ತೆಗೆದಳು, ಮತ್ತೊಂದು. ಎಲ್ಲದರಲ್ಲೂ ಅದೇ ಬಂದರು. ತಮ್ಮ ಕೈ ಚಾಚಿಕೊಂಡೇ ನಿಂತಿದ್ದ.

"ಬೇಡ ಬಿಡೋ," ಎಂದಳು ಅವಳು. "ಅದನ್ನ ಹಾಗೇ ತೂಗುಹಾಕು."