ಪರಸಪ್ಪನವರನ್ನು ಕೂಡಿಸದ ಮೋಟಾರು

ಒಂದು ಮೊಳ ಉದ್ದದ ಬೇವಿನ ಕೋಲು. ಅದರ ಒಂದು ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕಿವಿಗೆ ಬೆರಳಿಟ್ಟು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು ಪರಸಪ್ಪನವರು. ಮೊದಲ ಸಲ ಕಂಡಾಗ ನಾನು ಅಡಿಗೆಮನೆಯ ಕಿಟಕಿಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ. ಈ ಮನುಷ್ಯ ನಮ್ಮ ಮೋಟಾರನ್ನು ತಿನ್ನಲು ಬಂದಿದ್ದಾನೆ ಎಂದುಕೊಂಡೆ. ಕಿವಿ ಮುಚ್ಚಿಕೊಂಡು ಏನು ಕೇಳ್ತಿ ಎಂದು ನಮ್ಮ ಮನೆಯವರು ಚೇಷ್ಟೆ ಮಾಡಿದ್ದಕ್ಕೆ ಕೋಲನ್ನು ಬಾಯಿಂದ ತೆಗೆದು, “ಕಿವಿ ತಗದಿಟ್ರ ಊರ ಮಂದಿ ಮಾತೂ ಕೇಳ್ತಾವ್ರಿ ಅಣ್ಣಾರ. ಹಲ್ಲಿಗೆ ಬರೇ ಇಂಜಿನ್ ಮಾತು ಕೇಳ್ತೈತಿ” ಎಂದರು.

ಆಗ ನಾನೂ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ತಿಕೋಟಾದಲ್ಲಿ ಎಲ್ಲರಿಗೂ ಅವರು ಪರಸ್ಯಾ. ನಮ್ಮ ಮನೆಯವರಿಗಿಂತ ಹತ್ತು ವರ್ಷ ಹಿರಿಯರು, ಯುದ್ಧದ ಕಾಲದಲ್ಲಿ ಪುಣೆಯ ಕಡೆ ಮಿಲಿಟರಿ ಪಲ್ಟಣದ ಮೋಟಾರು ದುರಸ್ತಿ ಮಾಡಿ ಬಂದವರು. ಊರ ಹೊರಗೆ ವಿಜಾಪುರದ ದಾರಿಗೆ ಹೊಂದಿ ಒಂದು ತಗಡಿನ ಶೆಡ್ಡು ಹಾಕಿಕೊಂಡು ಲಾರಿ, ಎಣ್ಣೆ ಇಂಜಿನ್ನು ರಿಪೇರಿ ಮಾಡುತ್ತಿದ್ದರು. ಈಗ ಬರೆಯುವಾಗ ಬಹುವಚನ ತಾನಾಗಿ ಬರುತ್ತದೆ. ತಡವಾಗಿ ಬಂದ ಮರ್ಯಾದೆ, ಅದರಿಂದ ಅವರಿಗೇನೂ ಆಗಬೇಕಾಗಿಲ್ಲ.

ನಮ್ಮ ಮಾವನವರದು ಶೇಂಗಾ, ಕುಸುಬಿಯ ವ್ಯಾಪಾರ. ಸೊಲ್ಲಾಪುರದ ಎಣ್ಣೆ ಗಿರಣಿಯವರೊಬ್ಬರು ಬಳಸಿ ಬಿಟ್ಟ ಕರಿ ಮೋಟಾರು ಗಾಡಿಯೊಂದನ್ನು ಕೊಂಡು ತಂದಿದ್ದರು. ಓಡಿಸುವವರು ನಮ್ಮ ಮನೆಯವರು. ನನ್ನ ತವರು ಬಬಲೇಶ್ವರ. ಅಲ್ಲಿ ನನ್ನ ಅವ್ವನಿಗೆ ಎದೆಬೇನೆ ಇತ್ತು. ವಿಜಾಪುರದ ಡಾಕ್ಟರರು, “ಬ್ಯಾನಿ ಜೋರಾದ್ರ ತಾಸಿನ್ಯಾಗ ಕರಕೊಂಡು ಬರ್ರಿ” ಎಂದು ಹೇಳಿ ಕಳಿಸಿದ್ದರು. ಬಸ್ಸು ದಿನಕ್ಕೆ ಎರಡು. ಹಾಗಾಗಿ ದಿನಾ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಳ್ಳುವಾಗ ಅವ್ವನ ಜೊತೆಗೆ ಆ ಮೋಟಾರನ್ನೂ ಕಾಯಪ್ಪಾ ಎಂದು ಬೇಡುತ್ತಿದ್ದೆ. ಕಬ್ಬಿಣಕ್ಕಾಗಿ ಬೇಡಿಕೊಂಡಿದ್ದು ತಪ್ಪಲ್ಲ ಅಂತ ಈಗಲೂ ಅಂದುಕೊಂಡಿದ್ದೇನೆ.

ಒಮ್ಮೆ ಆ ಮೋಟಾರಿಗೆ ವಿಚಿತ್ರ ರೋಗ ಹತ್ತಿತು. ಎಡಕ್ಕೆ ಹೊರಳಿದಾಗಲೆಲ್ಲ ಹಾರ್ನು ತಾನೇ ಹೊಡೆದುಕೊಳ್ಳುತ್ತಿತ್ತು. ಕಾಖಂಡಕಿಯ ಮದುವೆಗೆ ಹೋದಾಗ ಓಣಿ ಓಣಿಯಲ್ಲಿ ಕೂಗಿ, ಕಣದಲ್ಲಿ ಹಂತಿ ತುಳಿಯುತ್ತಿದ್ದ ಎತ್ತುಗಳು ಬೆದರಿ, ಹೆಂಗಸರೆಲ್ಲ ಹೊಸ್ತಿಲಿಗೆ ಬಂದು ನಕ್ಕಿದ್ದರು. ವಿಜಾಪುರದಲ್ಲಿ ಹಾರ್ನನ್ನೇ ಬದಲಿಸಿದರು. ಹೊಸದೂ ಹಾಗೇ ಕೂಗಿತು. ಕಡೆಗೆ ಪರಸಪ್ಪನವರನ್ನು ಕರೆಸಿದರು.

ಅವರು ಬಂದವರೇ ಬಾನೆಟ್ಟಿಗೆ ಕೈ ಹಚ್ಚಲಿಲ್ಲ. “ಏನಾಗೇತಿ ಅನ್ನೋದು ಗಾಡಿ ಹೇಳ್ತೈತ್ರಿ. ಯಾವಾಗ ಆಗ್ತೈತಿ ಅನ್ನೋದು ನೀವು ಹೇಳ್ರಿ” ಎಂದರು. ಗಂಡಸರಿಬ್ಬರೂ ಮೊನ್ನೆ ಆಯಿತು, ನಿನ್ನೆ ಆಯಿತು ಎನ್ನುತ್ತಿದ್ದರು. ನಾನು ಬಾಗಿಲ ಮರೆಯಿಂದ, “ಎಡಕ ಹೊಳ್ಳಿದಾಗ ಅಷ್ಟ. ಬಲಕ ಹೊಳ್ಳಿದ್ರ ಸುಮ್ಮನಿರ್ತೈತಿ” ಎಂದೆ.

“ನೋಡ್ರಿ, ಅರ್ಧಾ ಕೆಲಸ ಅವ್ವಾರ ಮಾಡಿದ್ರು” ಎಂದರು ಪರಸಪ್ಪನವರು.

ಲಗ್ನವಾಗಿ ಆ ಮನೆಗೆ ಬಂದ ಮೇಲೆ ನನ್ನ ಬುದ್ಧಿಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಅದನ್ನು ಇವತ್ತಿಗೂ ಎಣಿಸಿ ಇಟ್ಟುಕೊಂಡಿದ್ದೇನೆ.

ಸ್ಟೇರಿಂಗು ತಿರುಗಿಸಿ ನೋಡಬೇಕಿತ್ತು. ಅದಕ್ಕೆ ಒಳಗೆ ಕೂಡಬೇಕು. ಮಾವನವರು, “ಹೊರಗಿಂದ ನೋಡಲೇ ಪರಸ್ಯಾ. ಅದರಾಗ ಅಮಾಸಿಗೆ ಮಠದ ಸ್ವಾಮ್ಯಾರನ್ನ ಕೂಡಿಸಿಕೊಂಡು ಬರ್ತೀವಿ” ಎಂದರು. ನಮ್ಮ ಮನೆಯವರು, ಸೀಟಿನ ಮೇಲೆ ಗೋಣಿಚೀಲ ಹಾಸಿದರೆ ಹೇಗೆ ಎಂದು ಕೇಳಿದರೂ ಒಪ್ಪಲಿಲ್ಲ. ಪರಸಪ್ಪನವರು ತುದಿಗಾಲಲ್ಲಿ ನಿಂತು, ಕಿಟಕಿಯಿಂದ ಎರಡೂ ಕೈ ಒಳಗೆ ತೂರಿಸಿ, ಕಳ್ಳನ ಹಾಗೆ ಸ್ಟೇರಿಂಗು ತಿರುಗಿಸಿದರು. ಹಾರ್ನಿನ ವೈರಿನ ಮೇಲೆ ಸುತ್ತಿದ್ದ ಅರಿವೆ ಸವೆದು, ಎಡಕ್ಕೆ ತಿರುಗಿಸಿದಾಗ ಕಬ್ಬಿಣಕ್ಕೆ ತಗಲುತ್ತಿತ್ತಂತೆ. ಟೇಪು ಸುತ್ತಿದರು, ಮುಗಿಯಿತು. ನಾನು ಚಹಾ ಕೊಟ್ಟೆ. ಹೊರಗಿನ ಕಟ್ಟೆಯ ಮೇಲೆ ಬೇರೆ ಇಟ್ಟಿದ್ದ ಅಲ್ಯೂಮಿನಿಯಂ ಬಟ್ಟಲಿಗೆ, ಮೇಲಿನಿಂದ ಸುರಿದು. ಬೇರೆ ಮನೆಗಳಲ್ಲಿ ತೆಂಗಿನ ಚಿಪ್ಪು ಇಡುತ್ತಿದ್ದರು, ನಾನು ಬಟ್ಟಲು ಇಟ್ಟಿದ್ದೆ. ಅದನ್ನೇ ಪುಣ್ಯವೆಂದು ತಿಳಿದಿದ್ದೆ.

ಅವರ ಓಣಿಯವರು ಬೌದ್ಧರಾದ ಕಾಲ ಅದು. ಶೆಡ್ಡಿನಲ್ಲಿದ್ದ ದೇವರ ಫೋಟೋಗಳನ್ನು ಇಳಿಸಿ ಬುದ್ಧನ ಪಟ ಹಾಕಿದ್ದರು. ಮಾವನವರು ದಾರಿಯಲ್ಲಿ ನಿಲ್ಲಿಸಿ, “ದೇವರ್ನ ಬದಲಿ ಮಾಡಿದ್ರ ನೀ ಬದಲಿ ಆಗ್ತಿ ಏನಲೇ?” ಎಂದು ಕೆಣಕಿದರಂತೆ.

“ಬದಲಿ ಮಾಡಿಲ್ರಿ ಸಾವಕಾರ್ರ. ನಡೀಲಾರದ ಸಾಮಾನ ತಗದ ಇಟ್ಟೀನಿ.”

ಈ ಮಾತು ಕೇಳಿ ನನಗೆ ಸಿಟ್ಟು ಬಂದಿತ್ತು. ನನ್ನ ದೇವರನ್ನು ಯಾರೋ ಹಳೇ ಪ್ಲಗ್ಗಿನ ಜೊತೆ ಮೂಲೆಗೆ ಎಸೆದ ಹಾಗೆ ಅನಿಸಿತು. ಆದರೆ ಅವರು ಇದ್ದದ್ದನ್ನು ಇದ್ದಂತೆ ಹೇಳುವವರು. ಬಣ್ಣ ಹಚ್ಚುವುದು ಅವರಿಗೆ ಬರುತ್ತಿರಲಿಲ್ಲ.

ಎರಡು ವರ್ಷದ ನಂತರ ಮೋಟಾರಿಗೆ ನಿಜವಾದ ರೋಗ ಬಂತು. ಎಂಟು ಹತ್ತು ಮೈಲು ಬಿಸಿಲಲ್ಲಿ ಓಡಿದರೆ ಸಾಕು, ಉಸಿರು ಕಟ್ಟಿದ ಹಾಗೆ ನಿಂತುಬಿಡುತ್ತಿತ್ತು. ಅರ್ಧ ತಾಸು ಬಿಟ್ಟು ನೋಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಚಾಲೂ ಆಗುತ್ತಿತ್ತು. ವಿಜಾಪುರದವರು ಪೆಟ್ರೋಲಿನ ದೋಷವೆಂದು ಟಾಕಿ ತೊಳೆದರು, ಕಾರ್ಬುರೇಟರು ಬಿಚ್ಚಿದರು. ಗುಣವಾಗಲಿಲ್ಲ.

ಪರಸಪ್ಪನವರು ಹೇಳಿದರು: “ಕಳ್ಳರು ಇಬ್ಬರ ಅದಾರ್ರಿ. ಒಂದು ಪೆಟ್ರೋಲ್ ಪಂಪ್, ಕಾದು ಪೆಟ್ರೋಲ್ ಒಳಗ ಹಬೆ ಆಗ್ತೈತಿ. ಇಲ್ಲಾ, ಬೆಂಕಿ ಕಿಡಿ ಹುಟ್ಟಸೋ ಕಾಯಿಲ್. ಅದು ಕಾದ್ರ ಕಿಡಿ ಸಾಯ್ತೈತಿ. ತಣ್ಣಗಾದ ಮ್ಯಾಲ ಇಬ್ರೂ ಸಾವಕಾರ್ರ ಇದ್ದಂಗ. ಗಾಡಿ ನಿಂತ ಹೊತ್ತಿನ್ಯಾಗ ನಾ ಅಲ್ಲೇ ಇರಬೇಕು. ಪ್ಲಗ್ಗಿನ ವೈರ್ ಕಿತ್ತು ಕಿಡಿ ಐತೋ ಇಲ್ಲೋ ನೋಡಿದ್ರ ಮುಗೀತು.”

ನಿಂತಲ್ಲೇ ಎಷ್ಟು ಓಡಿಸಿದರೂ ಅದು ಕೆಡುತ್ತಿರಲಿಲ್ಲ. ದಾರಿಯಲ್ಲೇ ಕೆಡಬೇಕು. ಅಂದರೆ ಪರಸಪ್ಪನವರು ಒಳಗೆ ಕೂಡಬೇಕು. ಮಾವನವರು ಯೋಚಿಸಿ ಒಂದು ಉಪಾಯ ಹೇಳಿದರು: “ನೀ ಸೈಕಲ್ ಮ್ಯಾಲ ಹಿಂದ ಬಾ.”

ನಗಬೇಕೋ ಅಳಬೇಕೋ ನೀವೇ ಹೇಳಿ. ಮೂರು ಸಲ ಮೋಟಾರು ಮುಂದೆ, ಪರಸಪ್ಪನವರು ಅರಕೇರಿಯ ದಾರಿಯಲ್ಲಿ ಹಿಂದೆ ಹಿಂದೆ ಸೈಕಲ್ಲು ತುಳಿದರು. ಮೋಟಾರು ನಿಂತ ಜಾಗಕ್ಕೆ ಬೆವರು ಸುರಿಸುತ್ತ ಬರುವಷ್ಟರಲ್ಲಿ ಅದು ತಣ್ಣಗಾಗಿ, ಒಂದೇ ಸಲಕ್ಕೆ ಚಾಲೂ. ಮಾವನವರು, “ನೋಡಲೇ, ನಿನ್ನ ಕಂಡ ಕೂಡ್ಲೇ ಅಂಜಿ ಹೊಂಟಿತು” ಎಂದರು. ಪರಸಪ್ಪನವರು ಮುಖ ಒರೆಸಿಕೊಂಡು, “ಬ್ಯಾನಿ ಹ್ವಾದ ಮ್ಯಾಲ ನಾಡಿ ಹಿಡದ್ರ ಏನ್ ಸಿಗತೈತ್ರಿ” ಎಂದಷ್ಟೇ ಹೇಳಿದರು. ಕಿಡಿ ನೋಡುವುದನ್ನು ನಮ್ಮ ಮನೆಯವರಿಗೆ ಕಲಿಸಲೂ ನೋಡಿದರು. ಇವರಿಗೆ ಕರೆಂಟು ಒಮ್ಮೆ ಹೊಡೆಯಿತು, ಆಮೇಲೆ ಆ ವೈರಿನ ಹತ್ತಿರ ಸುಳಿಯಲಿಲ್ಲ. ಅಂದಾಜಿನ ಮೇಲೆ ಕಾಯಿಲ್ ಬದಲಿಸು ಎಂದರೆ ಪರಸಪ್ಪನವರು ಒಪ್ಪಲಿಲ್ಲ. “ಕಂಡದ್ದನ್ನ ಮಾಡ್ತೀನ್ರಿ, ಅಂದಾಜಿಂದು ನಾ ಮಾಡಂಗಿಲ್ಲ.”

ಹೀಗೇ ಬೇಸಿಗೆ ಬಂತು. ಒಂದು ಸೋಮವಾರ ಮುಂಜಾನೆ ನನ್ನ ಅಣ್ಣ ಕಳಿಸಿದ ಆಳು ಸೈಕಲ್ಲಿನ ಮೇಲೆ ಬಂದ. ಅವ್ವನಿಗೆ ನಸುಕಿನಿಂದ ಬೇನೆ ಎದ್ದಿದೆ, ವಿಜಾಪುರಕ್ಕೆ ಒಯ್ಯಬೇಕು. ಮಾವನವರು ಸೊಲ್ಲಾಪುರಕ್ಕೆ ಹೋಗಿದ್ದರು. ನಮ್ಮ ಮನೆಯವರು ಮೋಟಾರು ಹೊರಗೆ ತೆಗೆದರು. ಸುದ್ದಿ ಹೇಗೆ ಮುಟ್ಟಿತೋ, ಪರಸಪ್ಪನವರು ಸಾಮಾನಿನ ಚೀಲ ಹಿಡಿದು ಅಂಗಳಕ್ಕೆ ಬಂದು ನಿಂತರು.

“ನಾನೂ ಬರ್ತೀನ್ರಿ ಅಣ್ಣಾರ. ಮುಂದ ಕೂಡ್ತೀನಿ. ನಿಂತ್ರ ಅಲ್ಲೇ ಹಿಡೀತೀನಿ.”

ಮನೆಯವರು ನನ್ನ ಮುಖ ನೋಡಿದರು. ಅವರು ಒಪ್ಪಿದ್ದರು, ಅದು ಕಣ್ಣಲ್ಲೇ ಕಾಣುತ್ತಿತ್ತು. ಮಾವನವರು ಊರಲ್ಲಿಲ್ಲ, ಅಡ್ಡ ಬರುವವರು ಯಾರೂ ಇಲ್ಲ. ಹೂಂ ಅನ್ನಬೇಕಾದವಳು ನಾನೊಬ್ಬಳೇ.

ನಾನು ಅಂದೆ: “ಅವ್ವ ಬಾಳ ಮಡಿ ಮನುಷ್ಯಾಳು. ಸೋಮವಾರ ಬ್ಯಾರೆ. ಆಕಿ ಏನಂತಾಳೋ ಏನೋ.”

ಪರಸಪ್ಪನವರು ನನ್ನನ್ನೊಮ್ಮೆ ನೋಡಿ ಚೀಲ ಕೆಳಗಿಟ್ಟರು. ಸಿಟ್ಟು ಮಾಡಲಿಲ್ಲ. “ಆತ್ರಿ. ಹಂಗಾರ ನೀರ ಹೆಚ್ಚಿಗಿ ಒಯ್ರಿ. ನಿಂತ್ರ ಹಸೀ ಅರಬಿ ಹಾಕ್ರಿ. ಪಂಪಿನ ಮ್ಯಾಲ ಹಾಕಬೇಕೋ ಕಾಯಿಲ್ ಮ್ಯಾಲೋ, ನೋಡದ ನಾ ಹೇಳಾಕ ಬರಂಗಿಲ್ಲ” ಎಂದು ಎರಡನ್ನೂ ಬೊಟ್ಟು ಮಾಡಿ ತೋರಿಸಿದರು.

ಬಬಲೇಶ್ವರದ ತನಕ ತಂಪು ಹೊತ್ತಿನಲ್ಲಿ ಚೆನ್ನಾಗಿಯೇ ಓಡಿತು. ಅವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಹೊರಟೆವು. ಅಣ್ಣ ಸೈಕಲ್ಲಿನ ಮೇಲೆ ಹಿಂದೆ ಬರುತ್ತೇನೆಂದ. ಬಿಸಿಲೇರಿತ್ತು. ಬೇಸಿಗೆಗೆ ಬತ್ತಿದ್ದ ಡೋಣಿ ಹೊಳೆ ದಾಟಿ ಎರಡು ಮೈಲು ಬಂದಿರಬೇಕು, ನಿಂತಿತು. ಸುತ್ತ ಬರೀ ಎರೆ ಹೊಲ, ಕಣ್ಣಳತೆಯಲ್ಲಿ ಬಾವಿಯಿಲ್ಲ. ಒಂದು ಕೊಡ ನೀರು ತಂದಿದ್ದೆವು, ಅದರಲ್ಲಿ ಅರ್ಧ ರೇಡಿಯೇಟರಿಗೆ ಹೋಗಿತ್ತು. ವಿಜಾಪುರದವರೆಲ್ಲ ಪೆಟ್ರೋಲಿನ ದೋಷ ಎಂದಿದ್ದರಲ್ಲ, ಮನೆಯವರು ಅರಿವೆ ತೋಯಿಸಿ ಪಂಪಿನ ಮೇಲೆ ಹಾಕಿದರು. ಚಾಲೂ ಆಗಲಿಲ್ಲ. ಮತ್ತೆ ತೋಯಿಸಿ ಮತ್ತೆ ಪಂಪಿಗೇ ಹಾಕಿದರು. ನೀರು ತೀರಿತು. ನನ್ನ ಹತ್ತಿರ ತಂಬಿಗೆಯ ತಳದಲ್ಲಿ ಎರಡು ಗುಟುಕು ಉಳಿದಿತ್ತು.

ಇವರು ಕಿಟಕಿಗೆ ಬಂದು ಕೈ ಚಾಚಿದರು. “ಅದಿಷ್ಟು ಕೊಡ. ಕಾಯಿಲ್ ಮ್ಯಾಲರ ಹಾಕಿ ನೋಡ್ತೀನಿ.”

ಅವ್ವನ ತುಟಿ ಒಣಗಿ ನಾಲಿಗೆ ಹೊರಳುತ್ತಿತ್ತು. ಅವಳ ಕಣ್ಣು ತಂಬಿಗೆಯ ಮೇಲೆಯೇ ಇತ್ತು. ನಾನು ಕೊಡಲಿಲ್ಲ. ಶಿವ ಶಿವ ಎನ್ನುತ್ತ ಆ ಎರಡು ಗುಟುಕನ್ನು ಅವ್ವನ ಬಾಯಿಗೆ ಬಿಟ್ಟೆ. ಮೊದಲನೆಯದು ಇಳಿಯಿತು. ಎರಡನೆಯದರಲ್ಲಿ ಅರ್ಧ ಇಳಿಯಿತು.

ಅರ್ಧ ತಾಸಿನ ಮೇಲೆ ಮೋಟಾರು ತಾನಾಗಿಯೇ ಚಾಲೂ ಆಯಿತು. ವಿಜಾಪುರಕ್ಕೆ ಹೋಗುವ ಕಾರಣ ಉಳಿದಿರಲಿಲ್ಲ. ಹೊರಳಿಸಿಕೊಂಡು ಬಬಲೇಶ್ವರಕ್ಕೆ ಬಂದೆವು. ದಾರಿಯಲ್ಲಿ ಒಮ್ಮೆಯೂ ನಿಲ್ಲಲಿಲ್ಲ.

ತಿಂಗಳಾದ ಮೇಲೆ ಮಾವನವರು ಅದನ್ನು ಮಾರಿದರು. ಕೊಳ್ಳಲು ಬಂದವರು ಸೊಲ್ಲಾಪುರದವರು, ರೋಗ ಗೊತ್ತಾಗದೆ ಒಯ್ಯುವುದಿಲ್ಲವೆಂದರು. ಶೆಡ್ಡಿನ ಮುಂದೆ ನಿಲ್ಲಿಸಿ ಪರಸಪ್ಪನವರನ್ನು, “ಬರ್ರಿ ಮಿಸ್ತ್ರಿ, ಕೂಡ್ರಿ” ಎಂದು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡೇ ಬಿಟ್ಟರು. ಕನಮಡಿಯ ದಾರಿಯಲ್ಲಿ ಮೋಟಾರು ನಿಂತಿತು. ಪರಸಪ್ಪನವರು ವೈರು ಕಿತ್ತು ನೋಡಿದರು, ಕಿಡಿಯಿರಲಿಲ್ಲ. ಕಾಯಿಲ್ ಮೇಲೆ ಹಸಿ ಅರಿವೆ ಸುತ್ತಿ ಎರಡು ಸಲ ನೀರು ಹನಿಸಿದರು. ಹತ್ತು ನಿಮಿಷಕ್ಕೆ ಚಾಲೂ ಆಯಿತು. ಜೊತೆಗೆ ಹೋಗಿದ್ದ ನಮ್ಮ ಮನೆಯವರು ಬಂದು ನನಗೆ ಇದನ್ನು ಹೇಳಿ, ಊಟಕ್ಕೆ ಏಳದೆ ಗೋಡೆಗೆ ಮುಖ ಮಾಡಿ ಮಲಗಿದರು.

ಅಂದಿನಿಂದ ದಿನಾ ಆ ಎರಡು ಗುಟುಕಿನ ಲೆಕ್ಕವನ್ನೇ ಹಾಕುತ್ತಿದ್ದೆ. ಅದನ್ನು ಕಾಯಿಲ್ ಮೇಲೆ ಹಾಕಿದ್ದರೆ ಅವ್ವ ದವಾಖಾನೆ ಮುಟ್ಟುತ್ತಿದ್ದಳು ಎಂದು. ಬಂದವರೆಲ್ಲ, ಆಯುಷ್ಯ ಅಷ್ಟೇ ಇತ್ತು, ಶಿವನ ಇಚ್ಛೆ ಎಂದರು. ನಾನೂ ತಲೆಯಾಡಿಸಿದೆ. ಆದರೆ ಪೂಜೆಗೆ ಕೂತು ಲಿಂಗಕ್ಕೆ ನೀರು ಹಾಕುವಾಗ ಆ ತಂಬಿಗೆಯೇ ನೆನಪಾಗುತ್ತಿತ್ತು.

ಪರಸಪ್ಪನವರು ಶೆಡ್ಡು ಕಿತ್ತು ವಿಜಾಪುರಕ್ಕೆ ಹೋದರು. ಸ್ಟೇಷನ್ನಿನ ಕಡೆ ಯಾರದೋ ಗ್ಯಾರೇಜಿನಲ್ಲಿ ದೊಡ್ಡ ಮಿಸ್ತ್ರಿಯಾಗಿದ್ದಾರೆಂದು ಕೇಳಿದ್ದೆ. ಐದಾರು ವರ್ಷದ ನಂತರ ಮಗಳಿಗೆ ಕನ್ನಡಕ ಮಾಡಿಸಲು ಹೋದಾಗ ಅಲ್ಲಿಗೆ ಹೋದೆ. ಕೂದಲು ನರೆತಿತ್ತು. ಗುರುತು ಹಿಡಿದು, “ಬರ್ರಿ ಅವ್ವಾರ” ಎಂದು ಸ್ಟೂಲು ಒರೆಸಿ ಕೊಟ್ಟರು. ಕೂತೆ. ಸುತ್ತು ಬಳಸದೆ ಕೇಳಿಬಿಟ್ಟೆ.

“ಪರಸಪ್ಪಣ್ಣ, ಅವತ್ತ ತಂಬಿಗ್ಯಾಗ ಎರಡು ಗುಟುಕ ನೀರ ಇತ್ತು. ಕಾಯಿಲ್ ಮ್ಯಾಲ ಹಾಕಿದ್ರ ಗಾಡಿ ಹೊಂಡ್ತಿತ್ತೇನು?”

ಅವರು ತಂಬಿಗೆ ಎಷ್ಟು ದೊಡ್ಡದು, ಗಾಡಿ ನಿಂತಾಗ ಕೊಡದಲ್ಲಿ ಎಷ್ಟು ನೀರಿತ್ತು, ನಿಂತು ಎಷ್ಟು ಹೊತ್ತಾಗಿತ್ತು, ಬಿಸಿಲು ಎಷ್ಟಿತ್ತು, ಎಲ್ಲ ಕೇಳಿದರು. ಗಾಡಿಯ ರೋಗ ಕೇಳಿದ ಹಾಗೆಯೇ ಕೇಳಿದರು. ಆಮೇಲೆ ಅಂದರು:

“ಇಲ್ರಿ. ಅಷ್ಟ ನೀರಿಗೆ ಆ ಕಾಯಿಲ್ ತಣ್ಣಗಾಗಂಗಿಲ್ಲ. ಚುರ್ ಅಂದು ಹಬೆ ಆಗಿ ಹೋಗ್ತಿತ್ತು. ನೀವು ನಿಮ್ಮ ಅವ್ವಾರ ಬಾಯಿಗೆ ಹಾಕಿದ್ದ ಬರೋಬರಿ.”

ನನಗೆ ಅಳು ಬಂತು. ಸೆರಗು ಕಣ್ಣಿಗೆ ಒತ್ತಿಕೊಂಡೆ. ಅವರು ಅಳು ನಿಲ್ಲುವ ತನಕ ಕಾದು, ಅದೇ ದನಿಯಲ್ಲಿ ಮುಂದಿನದನ್ನೂ ಹೇಳಿದರು:

“ದೋಷ ನೀರಿನ್ಯಾಗ ಇಲ್ರಿ. ಕೊಡದಾಗ ಅರ್ಧಾ ನೀರ ಇತ್ತಲ್ಲ, ಆವಾಗ ನಾ ಕುಂತಿದ್ರ ಹತ್ತ ಮಿನಿಟಿನ್ಯಾಗ ಹೊಂಡ್ತಿತ್ತು. ದವಾಖಾನಿ ಮುಟ್ಟತಿದ್ರಿ. ಆಮ್ಯಾಲಿಂದು ಡಾಕ್ಟರ್ ಕೈಯಾಗ.”

ನಾನು ತಪ್ಪಾಯಿತು ಎಂದೆ. ಅವರು, “ಹೌದ್ರಿ” ಎಂದರು. ಅಷ್ಟೇ. ಹೋಗಲಿ ಬಿಡ್ರಿ ಎನ್ನುತ್ತಾರೆಂದು ಕಾದು ಕೂತಿದ್ದೆ. ಅನ್ನಲಿಲ್ಲ. ಯಾರೋ ಕರೆದರು, ಕೈ ಒರೆಸಿಕೊಂಡು ಎದ್ದು ಹೋದರು.

ಮರು ವರ್ಷ ಅವರು ಪುಣೆಯ ಕಡೆ ಮಗನ ಹತ್ತಿರ ಹೋದರಂತೆ. ಆಮೇಲೆ ಸುದ್ದಿಯಿಲ್ಲ. ದಿನಾ ಪೂಜೆಯಲ್ಲಿ ದೇವರು ಮಾಡಿದ ಉಪಕಾರಗಳನ್ನು ಒಂದೊಂದಾಗಿ ನೆನೆಯುವುದು ನನ್ನ ರೂಢಿ. ಅವ್ವನ ಬಾಯಿಗೆ ನೀರು ಬಿದ್ದದ್ದನ್ನು ಈಗ ಆ ಲೆಕ್ಕಕ್ಕೆ ಸೇರಿಸುತ್ತೇನೆ. ಅದನ್ನು ನನಗೆ ಕೊಟ್ಟವರು ಪರಸಪ್ಪನವರು. ಅವರನ್ನು ಕೂಡಿಸಿಕೊಂಡಿದ್ದರೆ ದವಾಖಾನೆ ಮುಟ್ಟುತ್ತಿದ್ದೆವು ಎಂಬ ಇನ್ನೊಂದು ಮಾತನ್ನೂ ಅವರೇ ಕೊಟ್ಟರು. ಅದನ್ನು ಯಾವ ದೇವರ ಮುಂದಿಟ್ಟರೂ ಅದು ನನ್ನದಾಗಿಯೇ ಉಳಿಯುತ್ತದೆ.